ಕೀಚೈನಿನ ತುಪ್ಪಳ ಯಾರದ್ದು?

ಇದೆಲ್ಲ ಶುರುವಾಗಿದ್ದು ಬೆಕ್ಕಿನಿಂದ. ಅಣ್ಣನ ಮಗಳು ಸ್ಕೂಲ್ ಬ್ಯಾಗಿಗೆ ಒಂದು ಕೀಚೈನು ನೇತು ಹಾಕಿಕೊಂಡು ಬಂದಿದ್ದಳು. ನಿಂಬೆಹಣ್ಣಿಗಿಂತ ದೊಡ್ಡ ಬೂದು ಉಂಡೆ, ಮುಟ್ಟಿದರೆ ಬೆರಳು ಮುಳುಗುವಷ್ಟು ಮೆತ್ತಗೆ. ಶಿವಮೊಗ್ಗದ ಯಾವುದೋ ಅಂಗಡಿಯಲ್ಲಿ 120 ರೂಪಾಯಿ ಕೊಟ್ಟು ತಗೊಂಡಿದ್ದು. ನಮ್ಮನೆ ಬೆಕ್ಕು ಅವಳ ಕರಡಿ ಗೊಂಬೆಯನ್ನು ಇವತ್ತಿನವರೆಗೂ ಮೂಸಿ ನೋಡಿದ್ದಿಲ್ಲ. ಈ ಉಂಡೆಯನ್ನು ಮಾತ್ರ ಬಿಡಲೇ ಇಲ್ಲ. ಜಗಲಿಯಲ್ಲಿ ಬ್ಯಾಗ್ ಇಟ್ಟರೆ ಸಾಕು, ಕಂಬದ ಹಿಂದೆ ಹೊಂಚು ಹಾಕಿ ಕೂತು, ಹಾರಿ ಬಂದು ಕಚ್ಚಿ ಎಳೆಯುತ್ತಿತ್ತು.

ನನಗೆ ಅನುಮಾನ ಬಂತು. ನಾಲ್ಕು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಕಡ್ಡಿ ಗೀರಿ ಸುಟ್ಟು ನೋಡಿದೆ. ಪ್ಲಾಸ್ಟಿಕ್ ಎಳೆಯಾದರೆ ಕರಗಿ ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ಇದು ಚುರುಚುರು ಅಂತ ಸುರುಟಿ ಬೂದಿಯಾಯಿತು, ಅಡುಗೆಮನೆ ತುಂಬಾ ಕೂದಲು ಸುಟ್ಟ ವಾಸನೆ. ಆಮೇಲೆ ಎಳೆ ಸರಿಸಿ ಬುಡ ನೋಡಿದೆ. ಬಟ್ಟೆಯ ಹೆಣಿಗೆ ಇರಲಿಲ್ಲ. ತೆಳ್ಳಗಿನ, ಬಿಳಿಚಿದ ಚರ್ಮ ಇತ್ತು.

"ಚಿಕ್ಕಪ್ಪಾ, ಇದು ಯಾರ ಕೂದಲು?"

"ಮೊಲ ಇರಬೇಕು."

"ಕಟಿಂಗ್ ಮಾಡಿದ್ದಾ? ಕುರಿಗೆ ಮಾಡ್ತಾರಲ್ಲ, ಹಾಗೆ?"

ಹತ್ತು ವರ್ಷದ ಹುಡುಗಿಗೆ ಆ ಕ್ಷಣಕ್ಕೆ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ಆದರೆ ಫರ್ ಉದ್ಯಮದ ಬಗ್ಗೆ ಪ್ರಪಂಚದಲ್ಲಿ ಇಷ್ಟು ವರ್ಷದಿಂದ ನಡೆಯುತ್ತಿರುವ ಜಗಳದ ತುದಿ ಇರುವುದು ಅವಳ ಪ್ರಶ್ನೆಯಲ್ಲೇ.

ಕಂಬಳಿಗೆ ಕುರಿ ಸಾಯಬೇಕಾಗಿಲ್ಲ. ಮಲೆನಾಡಿನ ಮಳೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿದವರಿಗೆ ಗೊತ್ತು, ಚಳ್ಳಕೆರೆ ಕಡೆಯಿಂದ ಬರುವ ಆ ಕರಿ ಕಂಬಳಿಯ ಕುರಿ ಕತ್ತರಿಸಿಕೊಂಡ ಮಾರನೇ ದಿನ ಮತ್ತೆ ಮೇಯಲು ಹೋಗಿರುತ್ತದೆ. (ಕುರಿ ಕೊನೆಗೆ ಕಟುಕನ ಹತ್ತಿರವೇ ಹೋಗುವುದು, ಅದು ಬೇರೆ ಮಾತು.) ಫರ್ ಹಾಗಲ್ಲ. ಅದು ಕತ್ತರಿಸಿದ ಕೂದಲಲ್ಲ, ಕೂದಲು ಬಿಡದಂತೆ ಹದ ಮಾಡಿದ ಚರ್ಮ. ಸುಲಿಯಬೇಕು. ಸುಲಿಯಬೇಕಾದರೆ ಕೊಲ್ಲಬೇಕು. ನಮ್ಮ ಭಾಷೆಯಲ್ಲಿ ಕುರಿಯ ಉಣ್ಣೆಗೆ ತುಪ್ಪಟ, ಫರ್‌ಗೆ ತುಪ್ಪಳ, ಎರಡೂ ಪಕ್ಕಪಕ್ಕದ ಪದಗಳು, ಆದರೆ ಕೆಲಸದಲ್ಲಿ ಒಂದಕ್ಕೂ ಇನ್ನೊಂದಕ್ಕೂ ಒಂದು ಜೀವದ ಅಂತರ.

ಬೇಡನೊಬ್ಬ ಹಿಮದ ಕಾಡಿನಲ್ಲಿ ಉರುಳು ಹಾಕಿ ನರಿ ಹಿಡಿಯುವ ಚಿತ್ರ ನಿಮ್ಮ ತಲೆಯಲ್ಲಿದ್ದರೆ ಅದನ್ನು ಪಕ್ಕಕ್ಕೆ ಇಡಿ. ಈಗ ಮಾರುಕಟ್ಟೆಗೆ ಬರುವ ಫರ್‌ನಲ್ಲಿ ಹೆಚ್ಚಿನ ಪಾಲು ಫಾರ್ಮಿನದ್ದು. ಮಿಂಕ್, ನರಿ, ರಕೂನ್ ನಾಯಿ (ನಾಯಿ ಕುಟುಂಬದ್ದೇ ಒಂದು ಕಾಡುಪ್ರಾಣಿ), ಚಿಂಚಿಲ್ಲಾ (ಇಲಿ ಜಾತಿಯ ಸಣ್ಣ ಪ್ರಾಣಿ) ಇವೇ ಮುಖ್ಯ. ಚೀನಾ, ಯುರೋಪಿನ ಕೆಲವು ದೇಶಗಳು, ಉತ್ತರ ಅಮೆರಿಕ ಇವು ಉತ್ಪಾದಕರು. ಮಿಂಕ್ ಫಾರ್ಮಿನ ವರ್ಷದ ಲೆಕ್ಕ ನಮ್ಮ ತೋಟದ ಲೆಕ್ಕದ ಹಾಗೆ ಋತುವಿಗೆ ಕಟ್ಟಿಕೊಂಡದ್ದು. ಮಾರ್ಚಿಯಲ್ಲಿ ಕೂಡಿಸುತ್ತಾರೆ, ಏಪ್ರಿಲ್ ಕೊನೆ ಮೇ ಹೊತ್ತಿಗೆ ಮರಿ. ನವೆಂಬರ್ ಚಳಿ ಬಿದ್ದಾಗ ಪ್ರಾಣಿ ಹಳೇ ಕೂದಲು ಕಳೆದು ದಟ್ಟವಾದ ಹೊಸ ತುಪ್ಪಳ ಹೊತ್ತುಕೊಳ್ಳುತ್ತದೆ. ಆಗ ಕೊಯ್ಲು. ತಳಿಗೆ ಉಳಿಸಿಕೊಂಡವನ್ನು ಬಿಟ್ಟರೆ ಉಳಿದವಕ್ಕೆಲ್ಲ ಸುಮಾರು ಆರೇಳು ತಿಂಗಳ ಆಯುಷ್ಯ. ಒಂದು ಉದ್ದ ಕೋಟಿಗೆ ಐವತ್ತು ಅರವತ್ತು ಮಿಂಕ್ ಬೇಕಾಗುತ್ತದೆ.

ಮಿಂಕ್ ಅಂದರೆ ಏನು ಅಂತ ನಮ್ಮೂರಿನವರಿಗೆ ಹೇಳುವುದು ಸುಲಭ. ನಮ್ಮ ನೀರುನಾಯಿಯ ದಾಯಾದಿ ಅದು. ಒಂದೇ ಕುಟುಂಬ, ಗಾತ್ರ ಸಣ್ಣದು.

ತುಂಗೆಯಲ್ಲಿ ನೀರು ಇಳಿದಾಗ, ಫೆಬ್ರವರಿ ಮಾರ್ಚಿ ಹೊತ್ತಿಗೆ, ನಮ್ಮ ತೋಟದ ಕೆಳಗಿನ ಬಂಡೆಗಳ ಹತ್ತಿರ ನೀರುನಾಯಿ ಕಾಣುತ್ತವೆ. ಒಮ್ಮೆ ಬೆಳಿಗ್ಗೆ ಪಂಪ್‌ಸೆಟ್ ನೋಡಲು ಹೋದವನು ಅರ್ಧ ಗಂಟೆ ಅಲ್ಲೇ ಕೂತುಬಿಟ್ಟಿದ್ದೆ. ಒಂದು ಮೀನನ್ನು ಎರಡೂ ಕೈಯಲ್ಲಿ ಹಿಡಿದು ತಲೆಯಿಂದ ಶುರುಮಾಡಿ ಕರಕರ ಅಗಿಯುತ್ತಿತ್ತು, ನನಗೆ ಈಚೆ ದಡಕ್ಕೂ ಕೇಳುವಷ್ಟು. ಇನ್ನೊಂದು ಮರಳಲ್ಲಿ ಬೆನ್ನು ಉಜ್ಜುತ್ತಾ ಹೊರಳಿ, ಮತ್ತೆ ನೀರಿಗೆ ಜಾರಿ, ಐವತ್ತು ಮಾರು ಆಚೆ ತಲೆ ಎತ್ತಿತು. ಎದ್ದು ಮೈ ಕೊಡವಿತು ನೋಡಿ, ಕ್ಷಣದಲ್ಲಿ ಒಣಗಿದ ಹಾಗೆ. ಆ ತುಪ್ಪಳದ ಗುಟ್ಟು ಅದು, ಹೊರಗೆ ಒರಟು ಕೂದಲು, ಒಳಗೆ ದಟ್ಟವಾದ ನಯ ತುಪ್ಪಳ, ನೀರು ಚರ್ಮ ಮುಟ್ಟುವುದೇ ಇಲ್ಲ. ಮನುಷ್ಯ ಅದಕ್ಕೆ ಆಸೆ ಪಟ್ಟಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಮಿಂಕ್ ಕೂಡ ಹಾಗೇ. ನೀರಲ್ಲಿ ಬೇಟೆಯಾಡುವ, ಒಂಟಿಯಾಗಿರುವ, ನದಿ ದಂಡೆಯ ಕಿಲೋಮೀಟರ್‌ಗಟ್ಟಲೆ ಜಾಗವನ್ನು ತನ್ನದು ಅಂದುಕೊಳ್ಳುವ ಪ್ರಾಣಿ. ಫಾರ್ಮಿನಲ್ಲಿ ಅದಕ್ಕೆ ಸಿಗುವುದು ತಂತಿ ಬಲೆಯ ಪಂಜರ. ಕೌನ್ಸಿಲ್ ಆಫ್ ಯುರೋಪ್ 1999ರಲ್ಲಿ ಮಾಡಿದ ಶಿಫಾರಸಿನಲ್ಲಿ, ಅಂದರೆ ಪ್ರಾಣಿಗಳ ಹಿತಕ್ಕೆ ಅಂತಲೇ ಬರೆದ ಶಿಫಾರಸಿನಲ್ಲಿ, ಕನಿಷ್ಠ ಅಳತೆ 2,550 ಚದರ ಸೆಂಟಿಮೀಟರ್, ಎತ್ತರ 45 ಸೆಂಟಿಮೀಟರ್. ನಮ್ಮ ಲೆಕ್ಕದಲ್ಲಿ ಎರಡೂಮುಕ್ಕಾಲು ಚದರಡಿ. ಒಂದು ಊಟದ ಬಾಳೆಎಲೆ ಹಾಸುವಷ್ಟು ಜಾಗ, ಅಷ್ಟೆ. ಮಲಗಲು ಒಂದು ಪೆಟ್ಟಿಗೆ ಬೇರೆ ಇರುತ್ತದೆ. ಕೆಳಗೂ ತಂತಿ, ಹೇಲು ಕೆಳಗೆ ಬೀಳಲಿ ಅಂತ. ಈಜಲು ನೀರಿಲ್ಲ. ಪಂಜರದ ಪ್ರಾಣಿಗಳಲ್ಲಿ ಕೆಲವು ಗಂಟೆಗಟ್ಟಲೆ ಅತ್ತಿಂದಿತ್ತ ಒಂದೇ ಥರ ಓಡಾಡುತ್ತವೆ, ಕೆಲವು ತಮ್ಮ ಬಾಲದ ಕೂದಲನ್ನೇ ಕಚ್ಚಿ ಕಚ್ಚಿ ಬೋಳು ಮಾಡಿಕೊಳ್ಳುತ್ತವೆ.

"ಹುಟ್ಟಿದಾಗಿನಿಂದ ಕಂಡೇ ಇಲ್ಲದ ನೀರನ್ನು ಅವು ಹೇಗೆ ಬಯಸುತ್ತವೆ?" ಅಂತ ಉದ್ಯಮದವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ಆಕ್ಸ್‌ಫರ್ಡಿನ ಜಾರ್ಜಿಯಾ ಮೇಸನ್ ಮತ್ತು ಜೊತೆಯವರು ಒಂದು ಪ್ರಯೋಗ ಮಾಡಿ 2001ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಫಾರ್ಮಿನ ಮಿಂಕ್‌ಗಳಿಗೆ ಬೇರೆ ಬೇರೆ ಸವಲತ್ತು ಕೊಟ್ಟರು: ಎತ್ತರದ ಅಟ್ಟ, ಆಟದ ಸಾಮಾನು, ಇನ್ನೊಂದು ಗೂಡು, ಒಂದು ಸಣ್ಣ ನೀರಿನ ತೊಟ್ಟಿ. ಪ್ರತಿಯೊಂದಕ್ಕೂ ತಳ್ಳುವ ಬಾಗಿಲು. ಬಾಗಿಲಿಗೆ ಭಾರ ಏರಿಸುತ್ತಾ ಹೋದರು. ಅಂದರೆ ಪ್ರಾಣಿಗೆ ದುಡ್ಡಿನ ಬದಲು ಮೈಬಲದಲ್ಲಿ ಬೆಲೆ ಕಟ್ಟಿಸಿದರು. ಎಲ್ಲಕ್ಕಿಂತ ಹೆಚ್ಚು ಬೆಲೆ ತೆತ್ತಿದ್ದು ನೀರಿಗೆ. ಆ ಮೇಲೆ ತೊಟ್ಟಿಯ ಬಾಗಿಲು ಮುಚ್ಚಿದಾಗ, ಊಟ ತಪ್ಪಿಸಿದಾಗ ಎಷ್ಟು ಒತ್ತಡದ ಹಾರ್ಮೋನು ಏರುತ್ತದೋ ಹೆಚ್ಚುಕಡಿಮೆ ಅಷ್ಟೇ ಏರಿತು. ಮೂಕ ಪ್ರಾಣಿಯ ಹತ್ತಿರ ಉತ್ತರ ಹೊರಡಿಸಿದ ಈ ಉಪಾಯ ನನಗೆ ಭಾರೀ ಇಷ್ಟವಾಯಿತು.

ಕೊಲ್ಲುವ ರೀತಿ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮಿಂಕ್‌ಗೆ ಪೆಟ್ಟಿಗೆಯಲ್ಲಿ ಗ್ಯಾಸು, ನರಿಗೆ ಕರೆಂಟು. ಚರ್ಮಕ್ಕೆ ಗಾಯ ಆಗಬಾರದಲ್ಲ, ಅದಕ್ಕೆ. ನಿಜ ಹೇಳಬೇಕೆಂದರೆ ನನಗೆ ಆ ಕೊನೆಯ ನಿಮಿಷಕ್ಕಿಂತ ಅದರ ಹಿಂದಿನ ಆರು ತಿಂಗಳೇ ದೊಡ್ಡ ಪ್ರಶ್ನೆ. ಕೋಳಿ ಕೊಯ್ಯುವ ಮನೆಯಲ್ಲಿ ಬೆಳೆದವನು ನಾನು. ಸಾವು ಅಂದ ತಕ್ಷಣ ಬೆಚ್ಚಿಬೀಳುವುದಿಲ್ಲ. ನಮ್ಮ ಹಿತ್ತಿಲಲ್ಲಿ ಕೆದಕಿಕೊಂಡು, ಧೂಳು ಸ್ನಾನ ಮಾಡಿಕೊಂಡು ಬದುಕಿದ ಕೋಳಿಗೂ, ಒಂದು ದಿನವೂ ತನ್ನ ಜಾತಿಯ ಬದುಕು ಬದುಕದೆ ಸಾಯುವ ಮಿಂಕಿಗೂ ವ್ಯತ್ಯಾಸ ಇದೆ ಅಂತ ಮಾತ್ರ ಅನಿಸುತ್ತದೆ. ಹಾಗಾದರೆ ಬ್ರಾಯ್ಲರ್ ಕೋಳಿ? ಕೇಳಿ, ಕೇಳಲೇಬೇಕು. ಅದಕ್ಕೂ ಇದೇ ಮಾತು ಅನ್ವಯಿಸುತ್ತದೆ, ಶನಿವಾರ ಸಂಜೆ ಅಂಗಡಿ ಮುಂದೆ ನಿಂತಾಗ ನಾನದನ್ನು ಮರೆತುಬಿಡುತ್ತೇನೆ ಅಷ್ಟೆ. ಒಂದು ವ್ಯತ್ಯಾಸ ಏನೆಂದರೆ, ಕೋಳಿಯಲ್ಲಿ ಊಟ ಇದೆ. ಫರ್ ಕೋಟು ಇಲ್ಲದೆ ಸಾಯುವವರು ಇವತ್ತು ಪ್ರಪಂಚದಲ್ಲಿ ತೀರಾ ಕಡಿಮೆ.

ಚರ್ಮದ ಚಪ್ಪಲಿಗೂ ಇದಕ್ಕೂ ಏನು ವ್ಯತ್ಯಾಸ ಅಂತ ಗೆಳೆಯನೊಬ್ಬ ಕೇಳಿದ. ಚಪ್ಪಲಿಯ ಚರ್ಮ ಬಹುಪಾಲು ಮಾಂಸದ ಜೊತೆ ಬರುವ ಎರಡನೇ ಹುಟ್ಟುವಳಿ. ಮಿಂಕ್‌ನಲ್ಲಿ ತುಪ್ಪಳವೇ ಮೊದಲ ಬೆಳೆ, ಉಳಿದ ಮೈ ಕೊಬ್ಬಿಗೋ ಗೊಬ್ಬರಕ್ಕೋ ಇಂಧನಕ್ಕೋ ಹೋಗುತ್ತದೆ. ಮೊಲದ ವಿಷಯ ನಡುವಿನದ್ದು. "ಮಾಂಸಕ್ಕೆ ಸಾಕಿದ್ದರ ಚರ್ಮ ತಾನೇ" ಅಂತಾರೆ, ಆದರೆ ಮಾಂಸದ ಮೊಲವನ್ನು ಎಳೆಯದಾಗಿರುವಾಗಲೇ ಕಡಿಯುತ್ತಾರೆ, ಒಳ್ಳೇ ತುಪ್ಪಳ ಬೇಕಾದರೆ ಇನ್ನೂ ಕಾಯಬೇಕು. ರೆಕ್ಸ್ ಅನ್ನುವ ತಳಿಯನ್ನು ತುಪ್ಪಳಕ್ಕೆ ಅಂತಲೇ ಸಾಕುವುದುಂಟು.

ಈಗ ಆ ಫಾರ್ಮಿನ ರೈತನ ಕಡೆಗೆ ಬರೋಣ. ಅವನನ್ನು ರಾಕ್ಷಸ ಅಂತ ಬರೆಯಲು ನನ್ನ ಕೈ ಬರುವುದಿಲ್ಲ, ಯಾಕೆಂದರೆ ನಾನು ಅಡಿಕೆ ಬೆಳೆಗಾರ.

ಡೆನ್ಮಾರ್ಕ್ 2020ರವರೆಗೆ ಪ್ರಪಂಚದ ಮಿಂಕ್ ರಾಜಧಾನಿ. ಅಲ್ಲಿಯ ಹರಾಜು ಸಂಸ್ಥೆ ಕೋಪನ್‌ಹೇಗನ್ ಫರ್, ಬೆಳೆಗಾರರದ್ದೇ ಸಹಕಾರಿಯಾಗಿತ್ತು. ನಮಗೆ ಅಡಿಕೆ ಮಾರಲು ಮಾಮ್ಕೋಸ್ ಸಹಕಾರಿ ಸಂಘ ಇದ್ದ ಹಾಗೆ ಅಂದುಕೊಳ್ಳಿ. ಚರ್ಮಕ್ಕೆ ಗ್ರೇಡು, ಗ್ರೇಡಿಗೆ ರೇಟು. 2013ರ ಸುಮಾರಿಗೆ ರೇಟು ಆಕಾಶ ಮುಟ್ಟಿತು, ಆಮೇಲೆ ದಬ್ಬೆಂದು ಬಿತ್ತು. ಓದುತ್ತಾ ಹೋದರೆ ನಮ್ಮ ಮಂಡಿಯ ಕಥೆ ಓದಿದ ಹಾಗೇ ಆಗುತ್ತದೆ. ಸಾಲ ಮಾಡಿ ಶೆಡ್ ಕಟ್ಟಿದವರು, ಅಪ್ಪನಿಂದ ಮಗನಿಗೆ ಬಂದ ಫಾರ್ಮು, ತಳಿಯ ಬಗ್ಗೆ ಹೆಮ್ಮೆ. ದೂರದ ಊರಿನವರು ಬಂದು "ನಿಮ್ಮ ಕಸುಬೇ ಪಾಪ" ಅಂದರೆ ಹೊಟ್ಟೆ ಉರಿಯುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2004ರ ವರದಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅವತ್ತಿನಿಂದ ನಮ್ಮ ಕಡೆಯ ಸಭೆಗಳಲ್ಲಿ ಈ ಮಾತು ಎತ್ತಿದರೆ ಏನಾಗುತ್ತದೆ ಅಂತ ನನಗೆ ಗೊತ್ತು. "ನಮ್ಮಜ್ಜ ತೊಂಬತ್ತು ವರ್ಷ ಕವಳ ಹಾಕಿದ್ದ ಮಾರಾಯ" ಅಂತ ಯಾರಾದರೂ ಒಬ್ಬರು ಎದ್ದೇ ಏಳುತ್ತಾರೆ. ಡೇನಿಷ್ ರೈತನೂ ಹಾಗೇ, "ನಮ್ಮ ಪ್ರಾಣಿ ಚೆನ್ನಾಗಿಲ್ಲದಿದ್ದರೆ ತುಪ್ಪಳ ಇಷ್ಟು ಹೊಳೆಯುತ್ತದಾ?" ಅನ್ನುತ್ತಾನೆ. ಜೀವನೋಪಾಯ ಅನ್ನುವುದು ನಿಜವಾದ ವಾದ. ಆದರೆ ಅದು ಬೆಳೆಗಾರನಿಗೆ ಪರಿಹಾರ ಕೊಡಬೇಕು, ಸಮಯ ಕೊಡಬೇಕು ಅನ್ನುವುದಕ್ಕೆ ವಾದ. ಪಂಜರ ಸರಿ ಅನ್ನುವುದಕ್ಕೆ ಅಲ್ಲ. ನನ್ನ ಅಡಿಕೆಗೂ ಈ ಮಾತು ತಾಗುತ್ತದೆ, ತಾಗಲಿ.

2020ರ ನವೆಂಬರ್ 4ರಂದು ಡೆನ್ಮಾರ್ಕಿನ ಪ್ರಧಾನಿ ಮೆಟ್ಟೆ ಫ್ರೆಡೆರಿಕ್ಸನ್ ದೇಶದ ಎಲ್ಲಾ ಮಿಂಕ್‌ಗಳನ್ನೂ ಕೊಲ್ಲಬೇಕು ಅಂದರು. ಸುಮಾರು ಒಂದೂವರೆ ಕೋಟಿಗೂ ಮೀರಿದ ಪ್ರಾಣಿಗಳು. ಕೊರೋನಾ ಮನುಷ್ಯನಿಂದ ಮಿಂಕ್‌ಗೆ ಹೋಗಿ, ಅಲ್ಲಿ ಸ್ವಲ್ಪ ರೂಪ ಬದಲಿಸಿ, ವಾಪಸ್ಸು ಮನುಷ್ಯನಿಗೆ ಬಂದಿತ್ತು. ಸಾವಿರಾರು ಪ್ರಾಣಿ ಒತ್ತೊತ್ತಾಗಿ ಒಂದೇ ಶೆಡ್ಡಿನಲ್ಲಿದ್ದರೆ ವೈರಸ್ಸಿಗೆ ಹಬ್ಬ. ಇದನ್ನು ಶಿವಮೊಗ್ಗದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗಿನಿಂದ ನಾವು ಮಂಗನ ಕಾಯಿಲೆಯ ಜೊತೆಗೇ ಇದ್ದೇವೆ, ಇವತ್ತಿಗೂ ಬೇಸಿಗೆಯಲ್ಲಿ ದರಗು ಗುಡಿಸಲು ಕಾಡಿಗೆ ಹೋದವರು ಅದನ್ನು ಹರಡುವ ಉಣುಗಿಗೆ ಹೆದರುತ್ತಾರೆ. ಪ್ರಾಣಿಯ ಕಾಯಿಲೆಗೂ ನಮ್ಮ ಕಾಯಿಲೆಗೂ ನಡುವೆ ಗೋಡೆ ಇಲ್ಲ ಅಂತ ಗೊತ್ತಿರುವ ಊರು ನಮ್ಮದು.

ಡೆನ್ಮಾರ್ಕಿನಲ್ಲಿ ಆಮೇಲೆ ಆಗಿದ್ದು ನಗಬೇಕೋ ಅಳಬೇಕೋ ಗೊತ್ತಾಗದ ಕಥೆ. ಎಲ್ಲವನ್ನೂ ಕೊಲ್ಲಿಸುವ ಅಧಿಕಾರವೇ ಸರ್ಕಾರಕ್ಕೆ ಕಾನೂನಿನಲ್ಲಿ ಇರಲಿಲ್ಲ ಅಂತ ಗೊತ್ತಾಯಿತು. ಕೃಷಿ ಸಚಿವ ಮೊಗೆನ್ಸ್ ಯೆನ್ಸನ್ ರಾಜೀನಾಮೆ ಕೊಟ್ಟರು. ಸೈನ್ಯದ ಜಾಗದಲ್ಲಿ ಅವಸರದಲ್ಲಿ ಗುಂಡಿ ತೋಡಿ ಹೂತಿದ್ದ ಮಿಂಕ್‌ಗಳು ಕೊಳೆತು, ಒಳಗೆ ಗ್ಯಾಸ್ ತುಂಬಿ, ಮಣ್ಣು ಸೀಳಿಕೊಂಡು ಮೇಲೆದ್ದು ಬಂದವು. ಮಾರನೇ ವರ್ಷ ಅವನ್ನೆಲ್ಲ ಅಗೆದು ತೆಗೆದು ಸುಟ್ಟರು. ಕೋಪನ್‌ಹೇಗನ್ ಫರ್ ಬಾಗಿಲು ಹಾಕುವುದಾಗಿ ಹೇಳಿತು. ನೆದರ್‌ಲ್ಯಾಂಡ್ಸ್ 2024ಕ್ಕೆ ಇಟ್ಟುಕೊಂಡಿದ್ದ ನಿಷೇಧವನ್ನು 2021ಕ್ಕೇ ಎಳೆದುಕೊಂಡಿತು. ಅಂದರೆ ವರ್ಷಗಟ್ಟಲೆ ನೀತಿಯ ಮಾತು ಮಾಡದ ಕೆಲಸವನ್ನು ಭಯ ಒಂದೇ ವರ್ಷದಲ್ಲಿ ಮಾಡಿತು.

ಬ್ರಿಟನ್ 2000ದಲ್ಲೇ ಫರ್ ಫಾರ್ಮಿಗೆ ನಿಷೇಧದ ಕಾನೂನು ತಂದಿತ್ತು. ನಾರ್ವೆಯದ್ದು 2025ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಇದರಲ್ಲಿ ಒಂದು ಸಣ್ಣ ಮೋಸ ಇದೆ. ಬ್ರಿಟನ್ನಿನಲ್ಲಿ ಸಾಕುವಂತಿಲ್ಲ, ಆದರೆ ಹೊರಗಿನಿಂದ ತರಿಸಿ ಮಾರುವುದಕ್ಕೆ ಆ ಕಾನೂನು ಅಡ್ಡ ಬರಲಿಲ್ಲ. ನಮ್ಮ ಮನೆ ಹಿತ್ತಿಲ ಕಸವನ್ನು ಪಕ್ಕದ ಮನೆ ಬೇಲಿ ಆಚೆ ಎಸೆದ ಹಾಗೆ. ಕ್ಯಾಲಿಫೋರ್ನಿಯಾ ಮಾರಾಟಕ್ಕೇ ಕೈಹಾಕಿತು. ಇಸ್ರೇಲ್ 2021ರಲ್ಲಿ ಫ್ಯಾಷನ್‌ಗೆ ಫರ್ ಮಾರುವುದನ್ನು ನಿಷೇಧಿಸಿತು, ಆದರೆ ಸಂಪ್ರದಾಯಸ್ಥ ಯಹೂದಿಗಳು ಹಬ್ಬಕ್ಕೆ ಹಾಕುವ ದುಂಡಗಿನ ತುಪ್ಪಳದ ಟೋಪಿಗೆ ವಿನಾಯಿತಿ ಕೊಟ್ಟಿತು. ನಮ್ಮ ದೇಶ 2017ರ ಜನವರಿಯಲ್ಲಿ ಮಿಂಕ್, ನರಿ, ಚಿಂಚಿಲ್ಲಾ ತುಪ್ಪಳದ ಚರ್ಮಗಳ ಆಮದು ನಿಲ್ಲಿಸಿತು. ಆ ಪಟ್ಟಿಯಲ್ಲಿ ಮೊಲ ಇಲ್ಲ.

ಆ ಯಹೂದಿ ಟೋಪಿಯ ವಿಷಯ ಓದಿದಾಗ ನನಗೆ ನೆನಪಾಗಿದ್ದು ಪಕ್ಕದ ಮನೆಯ ಹುಡುಗನ ಮುಂಜಿ. ಜನಿವಾರದ ಜೊತೆ ಒಂದು ಚೂರು ಕೃಷ್ಣಾಜಿನ ಕಟ್ಟುತ್ತಾರೆ, ಕೃಷ್ಣಮೃಗದ ಚರ್ಮ. ಬೆರಳಗಲದ ತುಂಡು, ಮೇಲೆ ಕೂದಲು ಇನ್ನೂ ಇತ್ತು. ಅದೂ ಫರ್ ತಾನೇ? ಹಳೇ ಮನೆಗಳ ಜಗಲಿಯಲ್ಲಿ ಕಡವೆಯ ಕೊಂಬು, ಮಠಗಳ ಚಿತ್ರಗಳಲ್ಲಿ ಹುಲಿ ಚರ್ಮದ ಆಸನ, ಶಿವನ ಸೊಂಟಕ್ಕೇ ಹುಲಿ ಚರ್ಮ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೂ ಇವು ಅಟ್ಟದ ಮೇಲೆ ಸುಮ್ನೆ ಇದ್ದವು. 2023ರ ಅಕ್ಟೋಬರಿನಲ್ಲಿ ಬಿಗ್ ಬಾಸ್ ಸ್ಪರ್ಧಿಯೊಬ್ಬರನ್ನು ಹುಲಿ ಉಗುರಿನ ಲಾಕೆಟ್ ವಿಷಯಕ್ಕೆ ಅರಣ್ಯ ಇಲಾಖೆ ಬಂಧಿಸಿದಾಗ ನೋಡಬೇಕಿತ್ತು, ಎಷ್ಟು ಜನ ಕುತ್ತಿಗೆ ಮುಟ್ಟಿ ನೋಡಿಕೊಂಡರು ಅಂತ. ಹಾಗಾಗಿ ಪ್ಯಾರಿಸ್ಸಿನ ಹೆಂಗಸರ ಕೋಟಿನ ಬಗ್ಗೆ ಮಾತಾಡುವಾಗ ದನಿ ತುಸು ತಗ್ಗಿಸಿಯೇ ಮಾತಾಡಬೇಕು. ರೇಷ್ಮೆಯಂತೂ ನಮ್ಮ ರಾಜ್ಯದ್ದೇ ಹೆಮ್ಮೆ, ಗೂಡಿನೊಳಗಿನ ಹುಳು ಬಿಸಿಗೆ ಸತ್ತರೇ ಉದ್ದ ನೂಲು. ಹುಳುವಿಗೆ ಮಿಂಕಿನಷ್ಟು ನೋವು ಗೊತ್ತಾಗುತ್ತದಾ ಅನ್ನುವುದು ಇನ್ನೊಂದು ದೊಡ್ಡ ಚರ್ಚೆ, ಅದಕ್ಕೆ ಇಲ್ಲಿ ಕೈಹಾಕುವುದಿಲ್ಲ.

ಸಂಪ್ರದಾಯ ಬದಲಾಗುವುದೇ ಇಲ್ಲ ಅನ್ನುವವರಿಗೆ ಟಿಬೆಟಿಯನ್ನರ ಕಥೆ ಹೇಳಬೇಕು. ಅವರ ಚುಬಾ ಅನ್ನುವ ನಿಲುವಂಗಿಯ ಅಂಚಿಗೆ ನೀರುನಾಯಿ, ಚಿರತೆ, ಹುಲಿಯ ತುಪ್ಪಳ ಹಾಕುವುದು ಪ್ರತಿಷ್ಠೆಯ ಗುರುತಾಗಿತ್ತು. ಅದಕ್ಕೆ ಭಾರತದ ಕಾಡು, ನದಿಗಳಿಂದ ಕಳ್ಳದಾರಿಯಲ್ಲಿ ಚರ್ಮ ಹೋಗುತ್ತಿತ್ತು. 2006ರ ಜನವರಿಯಲ್ಲಿ ಆಂಧ್ರದ ಅಮರಾವತಿಯಲ್ಲಿ ನಡೆದ ಕಾಲಚಕ್ರ ಸಮಾರಂಭದಲ್ಲಿ ದಲೈ ಲಾಮಾ ಇದು ತಮಗೆ ನಾಚಿಕೆ ತರುತ್ತದೆ ಅಂದರು. ಸ್ವಲ್ಪ ದಿನದಲ್ಲೇ ಟಿಬೆಟ್‌ನಲ್ಲಿ ಜನ ಬೀದಿಯಲ್ಲಿ ರಾಶಿ ಹಾಕಿ ತಮ್ಮ ತುಪ್ಪಳದ ಬಟ್ಟೆ ಸುಟ್ಟರು, ಅದೂ ಬಹಳ ಬೆಲೆಬಾಳುವಂಥದ್ದನ್ನು. ಯಾವ ಪೊಲೀಸೂ ಮಾಡಿಸಿದ್ದಲ್ಲ.

ಎಲ್ಲಾ ಕಡೆ ಹೀಗೆ ಸಲೀಸಾಗಿ ಆಗುವುದಿಲ್ಲ. ಕಾಶ್ಮೀರದ ಶಹತೂಶ್ ಶಾಲಿಗೆ ಟಿಬೆಟ್ ಕಡೆಯ ಚಿರು ಅನ್ನುವ ಜಿಂಕೆಯಂಥ ಪ್ರಾಣಿಯನ್ನು ಕೊಲ್ಲಬೇಕು, ಒಂದು ಶಾಲಿಗೆ ಮೂರ್ನಾಲ್ಕು. ಪಶ್ಮೀನಾ ಹಾಗಲ್ಲ, ಲಡಾಖಿನ ಮೇಕೆಯನ್ನು ಬಾಚಿ ತೆಗೆಯುತ್ತಾರೆ. ಶಹತೂಶ್ ನಿಂತಾಗ ಪ್ರಾಣಿ ಉಳಿಯಿತು, ತಲೆಮಾರುಗಳಿಂದ ಅದನ್ನೇ ನೇಯುತ್ತಿದ್ದವರ ಕೈ ಖಾಲಿಯಾಯಿತು. ಉತ್ತರ ಧ್ರುವದ ಇನ್ಯುಯಿಟ್ ಜನರದ್ದು ಇನ್ನೂ ಕಷ್ಟ. ಸೀಲ್ ಅನ್ನುವ ಕಡಲ ಪ್ರಾಣಿಯೇ ಅವರಿಗೆ ಊಟ, ಬಟ್ಟೆ ಎಲ್ಲ. 2009ರಲ್ಲಿ ಯುರೋಪ್ ಒಕ್ಕೂಟ ಸೀಲ್ ಉತ್ಪನ್ನ ನಿಷೇಧಿಸುವಾಗ ಇವರಿಗೆ ವಿನಾಯಿತಿ ಕೊಟ್ಟಿತು. ಕಾಗದದಲ್ಲಿ ವಿನಾಯಿತಿ ಇತ್ತು, ಕೊಳ್ಳುವವರೇ ಇರಲಿಲ್ಲ. ಸೀಲ್ ಅಂದರೆ ಕೆಟ್ಟದ್ದು ಅಂತ ಮಾರುಕಟ್ಟೆ ಒಟ್ಟಾರೆ ತೀರ್ಮಾನ ಮಾಡಿಬಿಟ್ಟಿತ್ತು. ಸ್ವತಂತ್ರವಾಗಿ ಬದುಕಿದ ಪ್ರಾಣಿಯನ್ನು ಬೇಟೆಯಾಡಿ ಪೂರ್ತಿ ಬಳಸುವವನಿಗೂ ಪಂಜರದ ವ್ಯಾಪಾರಿಗೂ ಒಂದೇ ಶಿಕ್ಷೆ ಆಯಿತು. ಇದು ನನಗೆ ಸರಿ ಕಾಣುವುದಿಲ್ಲ.

ಹಾಗಾದರೆ ನಕಲಿ ಫರ್ ತಗೊಳ್ಳೋಣ ಅಂದರೆ ಅದು ಅಕ್ರಿಲಿಕ್, ಪಾಲಿಯೆಸ್ಟರ್. ತೊಳೆದಾಗೆಲ್ಲ ಸಣ್ಣ ಸಣ್ಣ ಪ್ಲಾಸ್ಟಿಕ್ ಎಳೆ ನೀರಿಗೆ ಹೋಗುತ್ತವೆ, ನಮ್ಮ ಬಚ್ಚಲಿನಿಂದ ಹಳ್ಳಕ್ಕೆ, ಹಳ್ಳದಿಂದ ತುಂಗೆಗೆ, ಕೊನೆಗೆ ಆ ನೀರುನಾಯಿ ತಿನ್ನುವ ಮೀನಿಗೇ. ಫರ್ ಉದ್ಯಮ ಇದನ್ನೇ ಹಿಡಿದುಕೊಂಡು "ನಮ್ಮದು ನೈಸರ್ಗಿಕ, ಮಣ್ಣಿಗೆ ಸೇರುತ್ತದೆ" ಅನ್ನುತ್ತದೆ. ಅರ್ಧ ನಿಜ. ಕೊಳೆಯುವ ಚರ್ಮವನ್ನು ಕೊಳೆಯದ ಹಾಗೆ ಮಾಡುವುದೇ ಹದ ಮಾಡುವ ಕೆಲಸ, ಅದಕ್ಕೆ ಕ್ರೋಮಿಯಂ, ಫಾರ್ಮಾಲ್ಡಿಹೈಡ್‌ನಂಥವು ಬೇಕು. ಸಿಇ ಡೆಲ್ಫ್ಟ್ ಅನ್ನುವ ಡಚ್ ಸಂಸ್ಥೆ 2011ರಲ್ಲಿ ಲೆಕ್ಕ ಹಾಕಿದಾಗ ಒಂದು ಕಿಲೋ ಮಿಂಕ್ ತುಪ್ಪಳಕ್ಕೆ ಹನ್ನೊಂದಕ್ಕೂ ಹೆಚ್ಚು ಪ್ರಾಣಿ, 563 ಕಿಲೋ ಆಹಾರ ಬೇಕು ಅಂತ ಬಂತು. ಆ ಅಧ್ಯಯನ ಮಾಡಿಸಿದ್ದು ಪ್ರಾಣಿ ಹಿತದ ಸಂಘಟನೆಗಳು ಅನ್ನುವುದನ್ನೂ ಹೇಳಿಬಿಡುತ್ತೇನೆ. ನಮ್ಮ ಹವೆಗೆ ಎರಡೂ ಬೇಡ. ಆಗುಂಬೆ ಚಳಿಗೂ ಒಂದು ಕಂಬಳಿ ಸಾಕು.

ಚಳಿಗಾಲದಲ್ಲಿ ಸ್ವೆಟರ್ ಮಾರಲು ಬರುವ ಟಿಬೆಟಿಯನ್ ಅಮ್ಮನ ಹತ್ತಿರ, ಜಾಕೆಟ್ಟಿನ ಟೋಪಿ ಅಂಚಿನ ಕೂದಲು ಹಿಡಿದು "ಇದು ಒರಿಜಿನಲ್ಲಾ?" ಅಂತ ಕೇಳಿದೆ. "ಇಷ್ಟು ರೇಟಿಗೆ ಒರಿಜಿನಲ್ ಎಲ್ಲಿಂದ ಬರುತ್ತೆ ಅಣ್ಣಾ" ಅಂತ ನಕ್ಕರು. ಎಲ್ಲರೂ ಹಾಗೇ ಅಂದುಕೊಂಡಿರುವುದು. ಆದರೆ ಪಂಜರದಲ್ಲಿ ಅಗ್ಗವಾಗಿ ಬೆಳೆದ ಮೊಲ, ರಕೂನ್ ನಾಯಿಯ ತುಪ್ಪಳ ಎಷ್ಟೋ ಸಲ ಒಳ್ಳೇ ನಕಲಿಗಿಂತ ಕಡಿಮೆಗೆ ಸಿಗುತ್ತದೆ. ಹೊರದೇಶಗಳಲ್ಲಿ ನಕಲಿ ಅಂತ ಚೀಟಿ ಅಂಟಿಸಿ ಅಸಲಿ ಮಾರಿದ ಪ್ರಕರಣಗಳು ಬೇಕಾದಷ್ಟು ಸಿಕ್ಕಿವೆ. 120 ರೂಪಾಯಿಗೆ ಬಂದ ನಮ್ಮ ಉಂಡೆಯೂ ಅಸಲಿಯೇ ಆಗಿತ್ತಲ್ಲ.

ಕೀಚೈನನ್ನು ಏನು ಮಾಡುವುದು ಅಂತ ಅಣ್ಣನ ಮಗಳೇ ತೀರ್ಮಾನ ಮಾಡಿದಳು. ಒಂದು ಸಂಜೆ ಕತ್ತಿ ತಗೊಂಡು ಹೋಗಿ, ತೆಂಗಿನ ಮರದ ಬುಡದಲ್ಲಿ ಗುಂಡಿ ಮಾಡಿ, ಉಂಡೆಯನ್ನು ಇಟ್ಟು, ಮೇಲೆ ಎರಡು ದಾಸವಾಳ ಹಾಕಿ ಮಣ್ಣು ಮುಚ್ಚಿದಳು. ಮೂರನೇ ದಿನ ಬೆಳಿಗ್ಗೆ ನಾಯಿ ಅದನ್ನು ಅಗೆದು ತಂದು ಅಂಗಳದ ನಡುವೆ ಹಾಕಿತ್ತು. ಸ್ವಲ್ಪ ಮಣ್ಣಾಗಿತ್ತು. ಕೊಡವಿದರೆ ಮೊದಲಿನಷ್ಟೇ ಮೆತ್ತಗೆ.